ಒಂದೂ ಹಡಗು ಮುಳುಗಿಸದ ಕುರ್ಸುರಾ

"ಇದು ಎಷ್ಟು ಹಡಗು ಮುಳುಗಿಸಿದೆ?"

ಊರಿಂದ ಯಾರೇ ಬರಲಿ, ವೈಜಾಗಿನ ಆರ್.ಕೆ. ಬೀಚಿನಲ್ಲಿ ನಿಂತಿರುವ ಐಎನ್‌ಎಸ್ ಕುರ್ಸುರಾ ಸಬ್‌ಮರೀನ್ ನೋಡಿದ ಕೂಡಲೇ ಮೊದಲು ಕೇಳುವುದು ಇದನ್ನೇ. ಒಂದೂ ಇಲ್ಲ ಅಂತೀನಿ. ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಎರಡು ರೈಲು ಬದಲಾಯಿಸಿ ಬಂದು, ಬಿಸಿಲಲ್ಲಿ ಕ್ಯೂ ನಿಂತು, ಟಿಕೆಟ್ ತಗೊಂಡು, ಏನೂ ಮುಳುಗಿಸದ ಸಬ್‌ಮರೀನ್ ನೋಡೋದಾ ಅಂತ.

ನಾವು ಕುಮಟಾ ಕಡೆಯವರು. ನಮ್ಮ ಯಜಮಾನರಿಗೆ ಇಲ್ಲಿನ ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ. ನೆಂಟರು ಬಂದರೆ ಒಂದು ಸುತ್ತು ಖಾಯಂ: ಸಿಂಹಾಚಲ, ಕೈಲಾಸಗಿರಿ, ಅರಕು, ಕುರ್ಸುರಾ. ದೇವಸ್ಥಾನಕ್ಕೆ ಅವರು ಕರೆದುಕೊಂಡು ಹೋಗುತ್ತಾರೆ. ಸಬ್‌ಮರೀನ್ ನನ್ನ ಪಾಲು. ಅದರೊಳಗೆ ಕಾಲಿಟ್ಟರೆ ಅವರಿಗೆ ಉಸಿರು ಕಟ್ಟುತ್ತದಂತೆ. ಕುಲುಮೆ ಪಕ್ಕ ದಿನವಿಡೀ ನಿಲ್ಲುವ ಮನುಷ್ಯ! ಆಚೆ ಕಟ್ಟೆಯ ಮೇಲೆ ಕೂತು ಸುಟ್ಟ ಜೋಳ ತಿನ್ನುತ್ತಾ ನಮ್ಮ ಚಪ್ಪಲಿ, ಬ್ಯಾಗು ಕಾಯುತ್ತಾರೆ. ಹೋಗಿ ಹೋಗಿ ನನಗೆ ಕುರ್ಸುರಾದ ಕಥೆ ಬಾಯಿಪಾಠ ಆಗಿದೆ. ಮ್ಯೂಸಿಯಂನಲ್ಲಿ ವಿವರಿಸುವವರು ನೌಕಾಪಡೆಯಿಂದ ನಿವೃತ್ತರಾದವರು. ಗದ್ದಲ ಕಡಿಮೆ ಇದ್ದ ದಿನ ಹೋದರೆ ನಿಂತು ಮಾತಾಡುತ್ತಾರೆ. ಕೇಳಿದ್ದು, ಆಮೇಲೆ ಓದಿಕೊಂಡಿದ್ದು ಎರಡೂ ಸೇರಿಸಿ ಬರೆಯುತ್ತಿದ್ದೇನೆ.

1965ರ ಯುದ್ಧ ನಡೆಯುವಾಗ ನಮ್ಮ ಹತ್ತಿರ ಒಂದೇ ಒಂದು ಸಬ್‌ಮರೀನ್ ಇರಲಿಲ್ಲ. ಪಾಕಿಸ್ತಾನದ ಹತ್ತಿರ ಇತ್ತು. ಅಮೆರಿಕದಿಂದ 1964ರಲ್ಲಿ ಬಂದದ್ದು, ಹೆಸರು ಘಾಜಿ. ಅದೊಂದೇ ಸಬ್‌ಮರೀನ್ ಎಲ್ಲಿದೆಯೋ ಅನ್ನುವ ಚಿಂತೆ ಇಡೀ ನೌಕಾಪಡೆಗೆ. ನಮ್ಮವರು ಮೊದಲು ಬ್ರಿಟನ್ನಿನ ಬಾಗಿಲು ತಟ್ಟಿದ್ದರು. ದುಡ್ಡಿನ ಮಾತು ಕೂಡಿ ಬರಲಿಲ್ಲ. ಸೋವಿಯತ್ ರಷ್ಯಾ ಕೊಡ್ತೀನಿ ಅಂತು. 1965ರ ಸೆಪ್ಟೆಂಬರಿನಲ್ಲಿ ನಾಲ್ಕು ಸಬ್‌ಮರೀನ್‌ಗಳಿಗೆ ಒಪ್ಪಂದವಾಯಿತು. ಅಮೆರಿಕದ ಕೂಟವಾದ ನೇಟೋದವರು ಆ ಜಾತಿಗೆ ಇಟ್ಟ ಹೆಸರು ಫಾಕ್ಸ್‌ಟ್ರಾಟ್.

ನಮ್ಮ ಮೊದಲ ತಂಡ ತರಬೇತಿಗೆ ವ್ಲಾಡಿವೊಸ್ಟೋಕ್‌ಗೆ ಹೋಯಿತು. ಆ ಚಳಿಯಲ್ಲಿ ಮೊದಲು ರಷ್ಯನ್ ಭಾಷೆ ಕಲಿ, ಆಮೇಲೆ ಸಬ್‌ಮರೀನ್ ಕಲಿ. ಈಗಲೂ ಕುರ್ಸುರಾದೊಳಗೆ ಕೆಲವು ಮೀಟರುಗಳ ಮೇಲೆ ರಷ್ಯನ್ ಅಕ್ಷರಗಳಿವೆ. 1967ರ ಡಿಸೆಂಬರ್ 8ರಂದು ಮೊದಲನೆಯದು, ಕಲ್ವರಿ, ಸೇವೆಗೆ ಸೇರಿತು. ಆ ದಿನವೇ ಈಗ ಸಬ್‌ಮರೀನ್ ದಿನ. ಮರುವರ್ಷ ಖಂಡೇರಿ, ಆಮೇಲೆ ಕರಂಜ್. ನಾಲ್ಕನೆಯದು ನಮ್ಮ ಕುರ್ಸುರಾ. ಲೆನಿನ್‌ಗ್ರಾಡಿನಲ್ಲಿ ಕಟ್ಟಿದ್ದು, ರೀಗಾದಲ್ಲಿ 1969ರ ಡಿಸೆಂಬರ್ 18ರಂದು ಭಾರತದ ಬಾವುಟ ಏರಿಸಿದ್ದು. ಮೊದಲ ಕ್ಯಾಪ್ಟನ್ ಕಮಾಂಡರ್ ಎ. ಆಡಿಟ್ಟೋ.

ರೀಗಾದಿಂದ ಊರಿಗೆ ಬಂದ ದಾರಿ ಕೇಳಿ. 1970ರ ಫೆಬ್ರವರಿ 20ಕ್ಕೆ ಹೊರಟಿತು. ಸೂಯೆಜ್ ಕಾಲುವೆ ಆಗ ಬಂದ್. 1967ರ ಅರಬ್-ಇಸ್ರೇಲ್ ಯುದ್ಧದಲ್ಲಿ ಮುಚ್ಚಿದ್ದು, ತೆರೆದದ್ದು 1975ರಲ್ಲಿ. ಹಾಗಾಗಿ ಸ್ವೀಡನ್ನಿನ ಗೋಥೆನ್‌ಬರ್ಗ್, ಸ್ಪೇನಿನ ಲಾ ಕೊರೂನ್ಯಾ, ಘಾನಾದ ಟಕೊರಾಡಿ, ಅಲ್ಲಿಂದ ಆಫ್ರಿಕಾದ ತುದಿ ಬಳಸಿ ಮಾರಿಷಸ್. ಹೊಸ ಗಾಡಿ ಶೋರೂಮಿನಿಂದ ಮನೆಗೆ ತರುವುದಕ್ಕೇ ಅರ್ಧ ಭೂಮಿ ಸುತ್ತಬೇಕಾಯಿತು. ಏಪ್ರಿಲ್‌ವರೆಗೂ ಸಮುದ್ರದಲ್ಲೇ. ಬಾಲ್ಟಿಕ್ ಚಳಿಯಲ್ಲಿ ಹತ್ತಿದವರು ಸಮಭಾಜಕ ವೃತ್ತದ ಸೆಕೆಯಲ್ಲಿ ಬೆಂದಿರಬೇಕು. ನಮಗಾಗಿ ಕೆಲವು ಬದಲಾವಣೆ ಮಾಡಿಕೊಟ್ಟಿದ್ದರೂ ಮೂಲ ನಕ್ಷೆ ಉತ್ತರದ ತಣ್ಣನೆ ಸಮುದ್ರಕ್ಕೆ ಮಾಡಿದ್ದು ನೋಡಿ.

ಸೆಕೆ ಅಂದಾಗ ಇನ್ನೊಂದು ಕಥೆ ಹೇಳಿಬಿಡಬೇಕು. ಕುರ್ಸುರಾದ್ದಲ್ಲ, ಅದರದೇ ಜಾತಿಯ ಬಿ-59 ಅನ್ನುವ ಸೋವಿಯತ್ ಸಬ್‌ಮರೀನಿನದು. 1962ರ ಅಕ್ಟೋಬರ್, ಅಮೆರಿಕ ಮತ್ತು ಸೋವಿಯತ್ ಯುದ್ಧದ ಅಂಚಿಗೆ ಬಂದು ನಿಂತಿದ್ದ ಕ್ಯೂಬಾ ಬಿಕ್ಕಟ್ಟು. ಬಿ-59 ನೀರಿನಡಿ ಅಡಗಿದೆ, ಮೇಲೆ ಅಮೆರಿಕದ ಹಡಗುಗಳು ಸುತ್ತುವರಿದು ಸಣ್ಣ ಸ್ಫೋಟಕ ಬಿಡುತ್ತಿವೆ. ಒಳಗೆ ಕೆಲವು ಕಡೆ 45 ಡಿಗ್ರಿ ದಾಟಿದ ಸೆಕೆ, ಬ್ಯಾಟರಿ ಮುಗಿಯುತ್ತಾ ಬಂದಿದೆ. ಮಾಸ್ಕೋ ಜೊತೆ ಮಾತಿಲ್ಲ. ಯುದ್ಧ ಶುರುವಾಗಿದೆಯೋ ಇಲ್ಲವೋ ಗೊತ್ತಿಲ್ಲ. ಅದರಲ್ಲಿದ್ದ ಟಾರ್ಪೆಡೊಗಳಲ್ಲಿ (ನೀರಿನೊಳಗೇ ಓಡಿ ಹೋಗಿ ಹಡಗಿಗೆ ಬಡಿಯುವ ಸ್ಫೋಟಕ) ಒಂದು ಅಣ್ವಸ್ತ್ರದ್ದು. ಕ್ಯಾಪ್ಟನ್ ಸವಿಟ್ಸ್ಕಿ ಸಿಟ್ಟಿನಲ್ಲಿ ಅದನ್ನು ಸಿದ್ಧ ಮಾಡಿ ಅಂದಾಗ ಜೊತೆಗಿದ್ದ ವಸೀಲಿ ಅರ್ಖಿಪೋವ್ ಬೇಡ ಅಂತ ಸಮಾಧಾನ ಮಾಡಿದ ಎಂದು ಆಗ ಒಳಗಿದ್ದವರೇ ಹೇಳಿದ್ದಾರೆ. ಸಬ್‌ಮರೀನ್ ಮೇಲೆ ಬಂತು, ಊರಿಗೆ ವಾಪಸ್ ಹೋಯಿತು. ಎಷ್ಟು ಮುಳುಗಿಸಿತು ಅಂದರೆ ಅದಕ್ಕೂ ಸೊನ್ನೆಯೇ.

ಕುರ್ಸುರಾದ ಉದ್ದ 91 ಮೀಟರಿಗೆ ಸ್ವಲ್ಪ ಜಾಸ್ತಿ. ಹೊರಗಿನಿಂದ ನೋಡಿದರೆ ಒಳಗೆ ಮದುವೆ ಮಾಡಬಹುದು ಅನಿಸುತ್ತದೆ. ಒಳಗೆ ಹೋದರೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಏಳು ಕೋಣೆಗಳು ಒಂದರ ಹಿಂದೆ ಒಂದು. ಮಧ್ಯೆ ಬಾಗಿಲಿಲ್ಲ, ದುಂಡಗಿನ ಕಿಂಡಿಗಳು. ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಉಳಿದದ್ದು. ಸೀರೆ ಉಟ್ಟವರಿಗೆ ಫಜೀತಿ. ಊರಿಂದ ಬರುವ ಹೆಂಗಸರಿಗೆ ನಾನು ಮೊದಲೇ ಫೋನಿನಲ್ಲಿ ಹೇಳಿರುತ್ತೇನೆ, ಆ ದಿನ ಚೂಡಿದಾರ್ ಹಾಕ್ಕೊಳ್ಳಿ ಅಂತ. ನೀರು ನುಗ್ಗಿದರೆ ಆ ಕಿಂಡಿ ಮುಚ್ಚಿ ಒಂದು ಕೋಣೆ ಬಿಟ್ಟುಕೊಟ್ಟು ಉಳಿದವನ್ನು ಉಳಿಸುವುದು. ಬಿಟ್ಟುಕೊಟ್ಟ ಕೋಣೆಯಲ್ಲಿ ಜನ ಇದ್ದರೆ? ಮಕ್ಕಳು ಇದನ್ನು ಕೇಳೇ ಕೇಳುತ್ತಾರೆ. ವಿವರಿಸುವವರು ಮುಂದಿನ ಕೋಣೆಗೆ ನಡೀರಿ ಅನ್ನುತ್ತಾರೆ.

ಮೂತಿಯ ಕಡೆಯ ಮೊದಲ ಕೋಣೆಯಲ್ಲಿ ಆರು ಟಾರ್ಪೆಡೊ ಕೊಳವೆ, ಬಾಲದಲ್ಲಿ ನಾಲ್ಕು. ಒಟ್ಟು 22 ಟಾರ್ಪೆಡೊ ಒಯ್ಯಬಹುದಿತ್ತು. ಟಾರ್ಪೆಡೊ ಬೇಡ ಅಂದರೆ ಅದರ ಬದಲು 44 ಮೈನು, ಅಂದರೆ ಹಡಗಿನ ದಾರಿಯಲ್ಲಿ ಹುದುಗಿಸಿಡುವ ಸ್ಫೋಟಕ. ಜನ 75. ಹಾಸಿಗೆ ಅಷ್ಟಿರಲಿಲ್ಲ. ಒಬ್ಬ ಕಾವಲಿಗೆ ಎದ್ದರೆ ಅವನ ಬೆಚ್ಚಗಿನ ಜಾಗಕ್ಕೆ ಇನ್ನೊಬ್ಬ. ಕೆಲವರಿಗೆ ಟಾರ್ಪೆಡೊ ಪಕ್ಕದಲ್ಲೇ ಮಲಗುವ ಭಾಗ್ಯ. ಕುಡಿಯೋ ನೀರೇ ಅಳೆದು ಸುರಿದು ಕೊಡುವಾಗ ಸ್ನಾನ ಎಲ್ಲಿಂದ? ಬಟ್ಟೆ ಒಗೆಯುವ ಮಾತೂ ಇಲ್ಲ. ಹಾಕಿ ಬಿಸಾಡುವ ಬಟ್ಟೆ ಕೊಡುತ್ತಿದ್ದರಂತೆ. ಡೀಸೆಲ್ ವಾಸನೆ ಮೈಗೆ ಹತ್ತಿದರೆ ಮನೆಗೆ ಹೋದಮೇಲೂ ಬಿಡುತ್ತಿರಲಿಲ್ಲ ಅಂತ ಒಬ್ಬರು ಹೇಳಿದರು. ಅವರ ಹೆಂಡತಿ ಬಟ್ಟೆಯನ್ನು ಬಾಗಿಲಲ್ಲೇ ಬಕೆಟ್ಟಿಗೆ ಹಾಕಿಸುತ್ತಿದ್ದರಂತೆ. ನಾನಾದರೂ ಅಷ್ಟೇ ಮಾಡುತ್ತಿದ್ದೆ.

ಅಡುಗೆಮನೆ ನೋಡಿದರೆ ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಎರಡು ಹೆಜ್ಜೆ ಜಾಗ. ಗೊಂಬೆಯೊಂದನ್ನು ಅಡುಗೆಭಟ್ಟನ ಹಾಗೆ ನಿಲ್ಲಿಸಿದ್ದಾರೆ. ಅಲ್ಲಿ 75 ಜನರಿಗೆ ದಿನವೂ ಬೇಯಿಸಿದ ಪುಣ್ಯಾತ್ಮನಿಗೆ ಒಂದು ಮೆಡಲ್ ಕೊಟ್ಟಿದ್ದಾರೋ ಇಲ್ಲವೋ.

ಇಷ್ಟು ವರ್ಷದಲ್ಲಿ ನಾನು ಕರೆದುಕೊಂಡು ಹೋದವರಲ್ಲಿ ಹಡಗು ಎಷ್ಟು ಮುಳುಗಿಸಿತು ಅಂತ ಕೇಳದ ಒಬ್ಬರೇ ಅಂದರೆ ನನ್ನ ಸೋದರಮಾವ. ತದಡಿ ಬಂದರದಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡಿಕೊಂಡೇ ಜೀವನ ಸವೆಸಿದವರು. ಟಾರ್ಪೆಡೊ ಕೋಣೆಯನ್ನು ಸರಸರ ದಾಟಿದರು. ಪೆರಿಸ್ಕೋಪ್ ಹತ್ತಿರ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವರಿಗೆ ಅದೂ ಬೇಡ. ಐದನೇ ಕೋಣೆಗೆ ಬಂದು ನಿಂತುಬಿಟ್ಟರು. ಇಂಜಿನ್ ಕೋಣೆ. ಮೂರು ಡೀಸೆಲ್ ಇಂಜಿನ್, ಒಂದೊಂದೂ 2,000 ಹಾರ್ಸ್‌ಪವರ್. ಮಧ್ಯೆ ಒಬ್ಬ ಸಪೂರ ಮನುಷ್ಯ ಹೋಗುವಷ್ಟು ದಾರಿ. ಹಿಂದೆ ಕ್ಯೂ ಬೆಳೆಯಿತು. ಮಾವ ಅಲ್ಲಾಡಲಿಲ್ಲ.

"ಮಾರಾಯ್ತಿ, ಇವರ ಹತ್ರ ಕೇಳು. ನೀರಿನಡಿ ಇದ್ರೆ ಇಂಜಿನ್ನಿಗೆ ಗಾಳಿ ಎಲ್ಲಿಂದ?"

ನಾನು ಹಿಂದಿಯಲ್ಲಿ ಕೇಳಿದೆ. ಅಲ್ಲಿದ್ದ ನಿವೃತ್ತರು ನನ್ನನ್ನು ಬಿಟ್ಟು ಮಾವನ ಕೈ ನೋಡಿದರು. ಗ್ರೀಸ್ ಹಿಡಿದು ಹಿಡಿದು ಕಪ್ಪಾದ ಉಗುರು. ಆಮೇಲೆ ಅವರಿಗೇ ಹೇಳತೊಡಗಿದರು, ಕೈಸನ್ನೆ ಮಾಡಿ. ನೀರಿನಡಿ ಈ ಇಂಜಿನ್ ಓಡುವುದೇ ಇಲ್ಲ. ಅಲ್ಲಿ ಬ್ಯಾಟರಿ ಮತ್ತು ಕರೆಂಟಿನ ಮೋಟರ್. ಮೋಟರ್ ಮುಂದಿನ ಕೋಣೆಯಲ್ಲಿ. ಬ್ಯಾಟರಿ ಅಂದರೆ ನಾವು ದಾಟಿ ಬಂದ ಎರಡನೇ ಮತ್ತು ನಾಲ್ಕನೇ ಕೋಣೆಗಳ ನೆಲದ ಕೆಳಗೆ, ಒಟ್ಟು ನಾನೂರಕ್ಕೂ ಮೀರಿ ಸೆಲ್‌ಗಳು. ಅವು ಇಳಿದಾಗ, ಸಾಮಾನ್ಯವಾಗಿ ರಾತ್ರಿ, ಸಬ್‌ಮರೀನ್ ಪೆರಿಸ್ಕೋಪಿನ ಆಳಕ್ಕೆ ಏರಿ ಒಂದು ಕೊಳವೆ ಮೇಲೆ ಎತ್ತುತ್ತದೆ. ಅದನ್ನು ಇವರು ಸ್ನಾರ್ಟ್ ಅನ್ನುತ್ತಾರೆ. ಅದರಿಂದ ಗಾಳಿ ಎಳೆದು ಡೀಸೆಲ್ ಓಡಿಸಿ ಬ್ಯಾಟರಿ ಚಾರ್ಜು. ಅಲೆ ಬಂದು ಕೊಳವೆಯ ಬಾಯಿ ಮುಳುಗಿದರೆ ವಾಲ್ವ್ ತಟ್ಟನೆ ಮುಚ್ಚಿಕೊಳ್ಳುತ್ತದೆ, ನೀರು ಒಳಗೆ ಬರಬಾರದಲ್ಲ. ಆದರೆ ಇಂಜಿನ್ ಕೂಡಲೇ ನಿಲ್ಲುವುದಿಲ್ಲ. ಅದು ಸಬ್‌ಮರೀನಿನೊಳಗಿನ ಗಾಳಿಯನ್ನೇ ಎಳೆಯುತ್ತದೆ. ಎಲ್ಲರ ಕಿವಿ ಗುಂಯ್ ಅನ್ನುತ್ತದೆ. ಮಳೆಗಾಲದ ಸಮುದ್ರದಲ್ಲಿ ರಾತ್ರಿಯಿಡೀ ಹೀಗೇ.

ಮಾವನ ಎರಡನೇ ಪ್ರಶ್ನೆ ಡೀಸೆಲ್ಲಿನದು. ತಿಂಗಳುಗಟ್ಟಲೆ ಹೋಗುವಾಗ ಅಷ್ಟು ಡೀಸೆಲ್ ಖಾಲಿಯಾದರೆ ಸಬ್‌ಮರೀನ್ ಹಗುರಾಗಿ ಮೇಲೆ ಬರೋದಿಲ್ವಾ? ಒಳ್ಳೆ ಪ್ರಶ್ನೆ ಅಂದರು ಆ ಮನುಷ್ಯ, ಮಾವನ ಬೆನ್ನು ತಟ್ಟಿ. ಡೀಸೆಲ್ ಖರ್ಚಾದ ಹಾಗೆ ಟ್ಯಾಂಕಿನ ಕೆಳಗಿನಿಂದ ಸಮುದ್ರದ ನೀರನ್ನೇ ಒಳಗೆ ಬಿಡುತ್ತಾರೆ. ಡೀಸೆಲ್ ನೀರಿನ ಮೇಲೆ ತೇಲುತ್ತದೆ, ಮೇಲಿನಿಂದ ಇಂಜಿನ್ನಿಗೆ ತೆಗೆಯುವುದು. ಟ್ಯಾಂಕು ಯಾವಾಗಲೂ ಭರ್ತಿ. ನೀರಿಗೂ ಡೀಸೆಲ್ಲಿಗೂ ತೂಕದಲ್ಲಿರುವ ಸಣ್ಣ ವ್ಯತ್ಯಾಸವನ್ನು ಬೇರೆ ಟ್ಯಾಂಕುಗಳಲ್ಲಿ ಸರಿದೂಗಿಸುವುದು.

ಇದನ್ನು ಕನ್ನಡದಲ್ಲಿ ಹೇಳಿದಾಗ ಮಾವನ ಮುಖ ನೋಡಬೇಕಿತ್ತು. ತದಡಿಯಲ್ಲಿ ಡೀಸೆಲ್ಲಿಗೆ ನೀರು ಸೇರಿತು ಅಂದರೆ ಬೋಟು ನಡುಸಮುದ್ರದಲ್ಲಿ ನಿಂತ ಹಾಗೆ. ಇಂಜೆಕ್ಟರ್ ಹೋಯಿತು, ಪಂಪ್ ಹೋಯಿತು, ಮಾಲೀಕ ಬೈದ. ಫಿಲ್ಟರಿನ ಕೆಳಗಿನ ನೀರು ಬಸಿಯುವುದನ್ನು ಕಲಿಸುವುದಕ್ಕೇ ಹುಡುಗರಿಗೆ ಇವರು ಎಷ್ಟು ಪೆಟ್ಟು ಕೊಟ್ಟಿದ್ದಾರೋ. ಇಲ್ಲಿ ನೋಡಿದರೆ ಬೇಕೆಂತಲೇ ನೀರು ಬಿಡುತ್ತಾರೆ. "ತಲೆ ಮಾರಾಯ್ತಿ, ತಲೆ ಅಂದ್ರೆ ಇದು," ಅಂತ ಇಂಜಿನ್ನಿನ ಮೇಲೆ ಕೈಯಾಡಿಸಿದರು. ಮುಟ್ಟಬೇಡಿ ಅನ್ನೋ ಬೋರ್ಡು ಅಲ್ಲೇ ಇತ್ತು. ಯಾರೂ ಏನೂ ಅನ್ನಲಿಲ್ಲ.

ಸಮುದ್ರದ ನೀರು ಡೀಸೆಲ್ ಟ್ಯಾಂಕಿಗೆ ಹೋದರೆ ಪರವಾಗಿಲ್ಲ, ಬ್ಯಾಟರಿಗೆ ಹೋಗಬಾರದು. ಹೋದರೆ ಕ್ಲೋರಿನ್ ಹುಟ್ಟುತ್ತದೆ. ಚಾರ್ಜು ಮಾಡುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದನ್ನು ಹೊರಗೆ ಹಾಕದಿದ್ದರೆ ಒಂದು ಕಿಡಿ ಸಾಕು. ಅಂದರೆ ಶತ್ರು ಇಲ್ಲದ ದಿನವೂ ಇದರೊಳಗೆ ಸಾಯುವುದಕ್ಕೆ ಬೇಕಾದಷ್ಟು ದಾರಿಗಳಿದ್ದವು. 31 ವರ್ಷ ಹೀಗೆ ನಡೆಸಿ, 73,500 ನಾಟಿಕಲ್ ಮೈಲಿ ಓಡಿಸಿ, ಸಬ್‌ಮರೀನನ್ನು ಇಡಿಯಾಗಿ ದಡಕ್ಕೆ ತಂದರು. ನನ್ನ ಲೆಕ್ಕದಲ್ಲಿ ಇದು ಸಣ್ಣ ಸಾಧನೆಯಲ್ಲ. ನೆಂಟರಿಗೆ ಇದನ್ನೇ ಹೇಳುತ್ತೇನೆ, ಅರ್ಧ ಜನ ಕೇಳಿಸಿಕೊಳ್ಳುತ್ತಾರೆ.

ಇನ್ನು 1971. ಎಲ್ಲರೂ ಕಾಯುವ ಭಾಗ.

ನವೆಂಬರ್ ನಡುವೆ ಕುರ್ಸುರಾ ಅರಬ್ಬಿ ಸಮುದ್ರಕ್ಕೆ ಗಸ್ತು ಹೊರಟಿತು. ಯುದ್ಧ ಇನ್ನೂ ಘೋಷಣೆ ಆಗಿರಲಿಲ್ಲ. ಅದಕ್ಕೆ ಕೊಟ್ಟ ಆದೇಶ ಓದಿದರೆ ಕೈಕಾಲು ಕಟ್ಟಿ ಕಳಿಸಿದ ಹಾಗಿದೆ. ಎರಡು ಪ್ರದೇಶ ಗುರುತು ಮಾಡಿ ಕೊಟ್ಟಿದ್ದರು, ಅದರ ಗಡಿ ದಾಟುವ ಹಾಗಿಲ್ಲ. ವ್ಯಾಪಾರಿ ಹಡಗುಗಳ ದಾರಿಗೆ ಹೋಗುವ ಹಾಗಿಲ್ಲ. ಮೊದಲ ಗುರಿ ಪಾಕಿಸ್ತಾನದ ಯುದ್ಧನೌಕೆ. ಅವರ ವ್ಯಾಪಾರಿ ಹಡಗಿಗೆ ಹೊಡೆಯಬೇಕಾದರೆ ಪ್ರತ್ಯೇಕ ಆದೇಶ ಬರಬೇಕು. ಯಾವುದಕ್ಕೇ ಹೊಡೆಯಲಿ, ಇದು ಇಂಥದ್ದೇ ಹಡಗು ಅಂತ ಖಾತ್ರಿ ಮಾಡಿಕೊಂಡಿರಬೇಕು. ಖಾತ್ರಿ ಅಂದರೆ ಹತ್ತಿರ ಹೋಗಬೇಕು, ಪೆರಿಸ್ಕೋಪ್ ಎತ್ತಬೇಕು. ಪೆರಿಸ್ಕೋಪ್ ಎತ್ತಿದರೆ ಅವರಿಗೂ ಕಾಣಬಹುದು.

ನವೆಂಬರ್ 30ರವರೆಗೆ ಗಸ್ತು. ಆ ದಿನ ಸಮುದ್ರದಲ್ಲೇ ಕರಂಜ್ ಜೊತೆ ಭೇಟಿಯಾಗಿ, ನೋಡಿದ್ದು ಕೇಳಿದ್ದನ್ನೆಲ್ಲ ಅದಕ್ಕೆ ದಾಟಿಸಿ, ಡಿಸೆಂಬರ್ 4ಕ್ಕೆ ಬೊಂಬಾಯಿಗೆ ವಾಪಸ್. ಯುದ್ಧ ಶುರುವಾದದ್ದು ಡಿಸೆಂಬರ್ 3ರ ಸಂಜೆ! 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಗೆ ಹೋಗಿ ಹೊಡೆದವು. ಇದು ಕಾದೂ ಕಾದೂ ಬಾಗಿಲಿಗೆ ಬರುವ ಹೊತ್ತಿಗೆ ಅಲ್ಲಿ ಶುರುವಾಗಿತ್ತು. ಆ ಯುದ್ಧದಲ್ಲಿ ನಮ್ಮ ಯಾವ ಸಬ್‌ಮರೀನೂ ಹಡಗು ಮುಳುಗಿಸಲಿಲ್ಲ.

ಸುಮ್ನೆ ಹೋಗಿ ಸುಮ್ನೆ ಬಂತು ಅನ್ನುವವರಿದ್ದಾರೆ. ನಮ್ಮ ಭಾವನೇ ಅಂದಿದ್ದಾರೆ, ಅದರ ಹೊಟ್ಟೆಯೊಳಗೆ ನಿಂತುಕೊಂಡೇ. ನನಗೆ ಹಾಗನ್ನಿಸುವುದಿಲ್ಲ. 1965ರಲ್ಲಿ ಘಾಜಿ ಒಂದೇ ನಮ್ಮವರ ನಿದ್ದೆ ಕೆಡಿಸಿತ್ತು, ಎಲ್ಲಿದೆ ಅಂತ ಗೊತ್ತಿಲ್ಲದೆ. 1971ರಲ್ಲಿ ಆ ಚಿಂತೆಯಲ್ಲಿ ಅರ್ಧ ಆಚೆ ಕಡೆಗೂ ಹೋಯಿತು. ಕಾಣದೆ ಇರುವುದೇ ಸಬ್‌ಮರೀನಿನ ಕೆಲಸ. ಕಂಡಿಲ್ಲ ಅಂತ ಬೈದರೆ ಹೇಗೆ?

ಮುಳುಗಿಸುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಡಿಸೆಂಬರ್ 9 ನೋಡಬೇಕು. ದಿಯು ಕಡೆಯ ಸಮುದ್ರದಲ್ಲಿ ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ನಮ್ಮ ಐಎನ್‌ಎಸ್ ಖುಕ್ರಿಗೆ ಟಾರ್ಪೆಡೊ ಹೊಡೆಯಿತು. ಹಡಗು ಹೋದದ್ದು ನಿಮಿಷಗಳಲ್ಲಿ. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಇಳಿಯಲಿಲ್ಲ. ಭಾವನಿಗೆ ಇದನ್ನು ಹೇಳಿದೆ. ಆಮೇಲೆ ಅವರು ಕುರ್ಸುರಾದ ಲೆಕ್ಕ ಕೇಳಲಿಲ್ಲ.

ಘಾಜಿಯ ಕಥೆ ಇದೇ ವೈಜಾಗಿನಲ್ಲೇ ಮುಗಿದದ್ದು. ಕುರ್ಸುರಾದಿಂದ ಬೀಚಿನ ಗುಂಟ ನಡೆದು ಹೋದರೆ ವಿಕ್ಟರಿ ಅಟ್ ಸೀ ಅನ್ನೋ ಸ್ಮಾರಕ ಸಿಗುತ್ತದೆ, ಅದು 1971ರ ನೆನಪಿಗೆ ಕಟ್ಟಿದ್ದು. ವಿಮಾನ ಹೊರುವ ಹಡಗು ವಿಕ್ರಾಂತ್ ಇಲ್ಲೇ ಇದೆ ಅನ್ನುವ ಹಾಗೆ ನಮ್ಮವರು ಸುದ್ದಿ ಹಬ್ಬಿಸಿದ್ದರು. ನಿಜವಾದ ವಿಕ್ರಾಂತ್ ದೂರ ಅಂಡಮಾನಿನ ಕಡೆ. ಘಾಜಿ ಹುಡುಕಿಕೊಂಡು ಇಲ್ಲಿಗೇ ಬಂತು. ಡಿಸೆಂಬರ್ 3ರ ನಡುರಾತ್ರಿ ಬಂದರಿನ ಬಾಯಿಯ ಹತ್ತಿರ ದೊಡ್ಡ ಸ್ಫೋಟ. ಐಎನ್‌ಎಸ್ ರಜಪೂತ್ ನೀರಿನಡಿಗೆ ಹಾಕಿದ ಸ್ಫೋಟಕದಿಂದ (ಡೆಪ್ತ್ ಚಾರ್ಜ್) ಅಂತ ನಮ್ಮವರು. ಅದರದೇ ಮೈನು ಇಲ್ಲಾ ಒಳಗಿನ ಸ್ಫೋಟ ಅಂತ ಪಾಕಿಸ್ತಾನದವರು. ಒಳಗಿದ್ದ 93 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ಈಗಲೂ ಇಲ್ಲೇ ಕೆಲವು ಕಿಲೋಮೀಟರ್ ದೂರದಲ್ಲಿ ಸಮುದ್ರದ ತಳದಲ್ಲಿದೆ. ಸಮಾಧಿ ಅಂತಲೇ ಬಿಟ್ಟಿದ್ದಾರೆ.

ಬೆಳಗ್ಗೆ ತೇಲಿ ಬಂದ ಸಾಮಾನು ಕಂಡು ನೌಕಾಪಡೆಗೆ ತಂದು ಕೊಟ್ಟವರು ಇಲ್ಲಿನ ಮೀನುಗಾರರು. ಮಾವನಿಗೆ ಈ ಸಂಗತಿ ಬಹಳ ಹಿಡಿಸಿತು. "ಬೆಸ್ತರಿಗೆ ಗೊತ್ತಾಗದೆ ಸಮುದ್ರದಲ್ಲಿ ಏನಾಗ್ತದೆ?" ಅಂದರು. ಸಂಜೆ ಇಲ್ಲಿನ ಫಿಶಿಂಗ್ ಹಾರ್ಬರಿಗೆ ಕರೆದುಕೊಂಡು ಹೋಗು ಅಂದರು. ಭಾಷೆ ಬಾರದಿದ್ದರೂ ಅಲ್ಲಿ ಒಬ್ಬ ಇಂಜಿನ್ ಮೆಕ್ಯಾನಿಕ್ ಜೊತೆ ಒಂದು ತಾಸು ಕೂತಿದ್ದರು. ಏನು ಮಾತಾಡಿದರೋ ದೇವರೇ ಬಲ್ಲ.

ಯುದ್ಧ ಆದಮೇಲಿನ ಕುರ್ಸುರಾದ ಕಥೆ ಯಾರೂ ಕೇಳುವುದಿಲ್ಲ. ನನಗೆ ಅದೇ ಇಷ್ಟ. 1973-74ರಲ್ಲಿ ಇನ್ನೂ ನಾಲ್ಕು ಬಂದವು: ವೇಲಾ, ವಾಗಿರ್, ವಾಗ್ಲಿ, ವಾಗ್ಶೀರ್. ಒಟ್ಟು ಎಂಟು ಆದವು, ಬಿಡಿಭಾಗ ಮಾತ್ರ ಬೇಕಾದಾಗ ಸಿಗುತ್ತಿರಲಿಲ್ಲ. ದೊಡ್ಡ ರಿಪೇರಿ ಮಾಡುವ ವ್ಯವಸ್ಥೆ ಇಲ್ಲಿ ಇನ್ನೂ ಬೆಳೆಯಬೇಕಿತ್ತು. ಆಗ ಕುರ್ಸುರಾವನ್ನು ಪಕ್ಕಕ್ಕೆ ನಿಲ್ಲಿಸಿದರು. ಅದರಿಂದ ಬಿಚ್ಚಿ ಬಿಚ್ಚಿ ಉಳಿದವಕ್ಕೆ ಹಾಕಿದರು. ಆರು ವರ್ಷದ ಸಬ್‌ಮರೀನು, ಆಫ್ರಿಕಾ ಸುತ್ತಿ ಬಂದದ್ದು, ಯುದ್ಧಕ್ಕೆ ಹೋದದ್ದು, ಬಂದರಿನ ಧಕ್ಕೆಯಲ್ಲಿ ನಿಂತು ತಂಗಿಯರಿಗೆ ತನ್ನ ಮೈ ಕೊಡುತ್ತಾ ವರ್ಷ ಕಳೆಯಿತು. ಮಾವ ಇದನ್ನು ಕೇಳಿ ಒಂದು ಚೂರೂ ಆಶ್ಚರ್ಯಪಡಲಿಲ್ಲ. ಅವರ ಶೆಡ್ಡಿನಲ್ಲಿ ಅಂಥದೊಂದು ಇಂಜಿನ್ ಯಾವಾಗಲೂ ಇರುತ್ತದೆ. ಅದರಿಂದ ಹತ್ತು ಬೋಟು ಓಡುತ್ತವೆ, ಅದು ಮಾತ್ರ ಓಡುವುದಿಲ್ಲ.

ಹಾಗೆ ಬಿಚ್ಚಿದ್ದು ಮತ್ತೆ ಎದ್ದದ್ದು ಅಪರೂಪ. ಕುರ್ಸುರಾ ಎದ್ದಿತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ಪೂರ್ತಿ ರಿಪೇರಿ ಮಾಡಿ ಮತ್ತೆ ನೀರಿಗಿಳಿಸಿದರು. ಆಮೇಲೆ ಇನ್ನೂ ಎರಡು ದಶಕದ ಹತ್ತಿರ ದುಡಿಯಿತು. ಅಭ್ಯಾಸ, ತರಬೇತಿ, ಗಸ್ತು. ಹೊಸ ಹುಡುಗರು ಬಂದು ಇಂಥ ಸಬ್‌ಮರೀನ್‌ಗಳಲ್ಲೇ ಕಲಿತು ದೊಡ್ಡವರಾದರು. ಮ್ಯೂಸಿಯಂ ಫಲಕದಲ್ಲಿ ಬರೆಯುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ಅಕ್ಕಪಕ್ಕದವು ಒಂದೊಂದಾಗಿ ಹೋದವು. ಕಲ್ವರಿ 1996ರಲ್ಲಿ ನಿವೃತ್ತಿ. ಕುರ್ಸುರಾ 2001ರ ಫೆಬ್ರವರಿ 27ಕ್ಕೆ.

ಗುಜರಿಗೆ ಹೋಗಬೇಕಿತ್ತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ವಿನೋದ್ ಪಸ್ರೀಚಾ ಅವರಿಗೆ ಇದನ್ನು ಮ್ಯೂಸಿಯಂ ಮಾಡುವ ಯೋಚನೆ ಬಂತು. ಯೋಚನೆ ಸುಲಭ, ಎಳೆದು ತರುವುದು ಯಾರು? ಸುಮಾರು 2,000 ಟನ್ ತೂಕದ್ದು. ನೀರಿನಲ್ಲಿ ಬೀಚಿನವರೆಗೆ ಬಂತು. ಆಮೇಲೆ ಅಲೆ, ಮರಳು, ಕಾಲಡಿ ಕುಸಿಯುವ ದಡ. ಕೊನೆಯ 600 ಮೀಟರ್ ಎಳೆದು ಈಗಿನ ಜಾಗದಲ್ಲಿ ಕೂರಿಸುವುದೇ ಯಜ್ಞ. ಒಟ್ಟು ಕೆಲಸಕ್ಕೆ 18 ತಿಂಗಳು, 5.5 ಕೋಟಿ ರೂಪಾಯಿ. 2002ರ ಆಗಸ್ಟ್ 9ರಂದು ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಉದ್ಘಾಟಿಸಿದರು, 24ರಿಂದ ಜನರಿಗೆ ಬಿಟ್ಟರು. ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ ಹೊಟ್ಟೆ ಕೊಯ್ದು ಬಾಗಿಲು ಮಾಡಿದ್ದಾರೆ, ನಾವು ನೀವು ಮೆಟ್ಟಿಲು ಹತ್ತಿ ಹೋಗಲಿ ಅಂತ. ನಾವಿಕರಿಗೆ ಆ ಸೌಕರ್ಯ ಇರಲಿಲ್ಲ, ಅವರು ಮೇಲಿನ ಕಿಂಡಿಯಿಂದ ಏಣಿ ಹಿಡಿದು ಇಳಿಯುತ್ತಿದ್ದರು.

ನಿವೃತ್ತಿ ಆದರೂ ಇದಕ್ಕೆ ಒಂದು ಮರ್ಯಾದೆ ಉಳಿಸಿದ್ದಾರೆ. ವಿಶೇಷ ದಿನಗಳಲ್ಲಿ ಹಡಗುಗಳಿಗೆ ಸಾಲಾಗಿ ಬಣ್ಣದ ಬಾವುಟ ಕಟ್ಟುವ ಪದ್ಧತಿ ನೌಕಾಪಡೆಯಲ್ಲಿದೆ. ಅದು ಸೇವೆಯಲ್ಲಿರುವ ಹಡಗುಗಳಿಗೆ ಮಾತ್ರ. ಕುರ್ಸುರಾಕ್ಕೂ ಕಟ್ಟುತ್ತಾರೆ. 2017ರಲ್ಲಿ ರಸ್ತೆಯ ಆಚೆ ಬದಿಗೆ ಟಿಯು-142 ವಿಮಾನ ತಂದು ನಿಲ್ಲಿಸಿದರು. ಅದೂ ರಷ್ಯಾದ್ದೇ, ಸಬ್‌ಮರೀನ್ ಹುಡುಕಿ ಹೊಡೆಯುವ ವಿಮಾನ. ಒಂದೇ ರಸ್ತೆಯ ಈಚೆ ಇಲಿ, ಆಚೆ ಬೆಕ್ಕು ಅಂತ ನಮ್ಮ ಯಜಮಾನರ ಜೋಕು. ವಿಮಾನದೊಳಗೆ ಅವರು ಬರುತ್ತಾರೆ, ಅಲ್ಲಿ ಉಸಿರು ಕಟ್ಟುವುದಿಲ್ಲವಂತೆ.

ಬರುವವರಿಗೆ ಒಂದು ಮಾತು. ಸೋಮವಾರ ರಜೆ. ಬೇರೆ ದಿನ ಬಾಗಿಲು ತೆಗೆಯುತ್ತಿದ್ದ ಹಾಗೇ ಹೋಗಿ, ಸಂಜೆಯ ಜಾತ್ರೆಯಲ್ಲಿ ಹಿಂದಿನವರು ತಳ್ಳಿಕೊಂಡೇ ಹೊರಗೆ ಹಾಕುತ್ತಾರೆ. ಐದನೇ ಕೋಣೆಯಲ್ಲಿ ಸ್ವಲ್ಪ ನಿಲ್ಲಿ. ಕಾರವಾರದ ಬೀಚಿನಲ್ಲಿರುವ ಚಪಲ್ ಯುದ್ಧನೌಕೆ ನೋಡಿದವರಿಗೆ ಇದು ಅದೇ ತರ ಅನ್ನಿಸಬಹುದು. ಅಲ್ಲ. ಅಲ್ಲಿ ಡೆಕ್ಕಿನ ಮೇಲೆ ಗಾಳಿ ಇದೆ.

ಈಗ ನೌಕಾಪಡೆಗೆ ಫ್ರೆಂಚ್ ವಿನ್ಯಾಸದ ಆರು ಹೊಸ ಸಬ್‌ಮರೀನ್ ಬಂದಿವೆ, ಮುಂಬೈಯಲ್ಲೇ ಕಟ್ಟಿದ್ದು. ಮೊದಲನೆಯದು 2017ರಲ್ಲಿ ಸೇರಿತು, ಆರನೆಯದು 2025ರ ಜನವರಿಯಲ್ಲಿ. ಹಳೆಯ ಹೆಸರುಗಳನ್ನೇ ಇಟ್ಟಿದ್ದಾರೆ: ಕಲ್ವರಿ, ಖಂಡೇರಿ, ಕರಂಜ್, ವೇಲಾ, ವಾಗಿರ್, ವಾಗ್ಶೀರ್. ಎಂಟು ಹೆಸರಿನಲ್ಲಿ ಆರಕ್ಕೆ ಜಾಗ ಸಿಕ್ಕಿತು. ಬಿಟ್ಟುಹೋದದ್ದು ವಾಗ್ಲಿ ಮತ್ತು ಕುರ್ಸುರಾ. ವಾಗ್ಲಿ ಎಂಟರಲ್ಲಿ ಎಲ್ಲಕ್ಕಿಂತ ಕೊನೆಗೆ, 2010ರ ಡಿಸೆಂಬರಿನಲ್ಲಿ, ನಿವೃತ್ತಿಯಾಯಿತು. ಅದನ್ನೂ ತಮಿಳುನಾಡಿನ ಮಾಮಲ್ಲಪುರದಲ್ಲಿ ಇದೇ ತರ ಮ್ಯೂಸಿಯಂ ಮಾಡಲು ಹೊರಟಿದ್ದರು, ಆಗಲಿಲ್ಲ. ಹಾಗಾಗಿ ಎಂಟರಲ್ಲಿ ಇಡಿಯಾಗಿ ನಿಂತಿರುವುದು ಇದೊಂದೇ. ಏಳನೆಯದು ಕಟ್ಟಿದರೆ ಕುರ್ಸುರಾ ಅಂತಲೇ ಹೆಸರಿಡಬೇಕು ಅಂತ ಮಾವ ನೌಕಾಪಡೆಗೆ ಕಾಗದ ಬರೆಯಲು ಹೊರಟಿದ್ದಾರೆ. ವಿಳಾಸ ಹುಡುಕಿಕೊಡು ಅಂತ ನನಗೆ ಹೇಳಿದ್ದಾರೆ.